‘ನೀನು ಇರು’: ತನ್ನೊಡನೆ ತಾನೇ ಆಡಿದ ಕವಿತೆಗೆ ನಾನು ಅರ್ಥ ಹೇಳಿದ ಬಗೆ

ಯಕ್ಷಗಾನದ ಪದ್ಯಗಳಿಗೆ ಕೂತಲ್ಲೇ ಪಾತ್ರವಾಗಿ ಮಾತಾಡುವ ತಾಳಮದ್ದಳೆಯಲ್ಲಿ ಅರ್ಥ ಹೇಳುವವನಿಗೆ ಒಂದು ದೊಡ್ಡ ಅನುಕೂಲವಿದೆ. ಭಾಗವತರು ಪದ್ಯ ಮುಗಿಸಿ ತಾಳ ನಿಲ್ಲಿಸಿದಾಗ ಮಾತು ಯಾರದು, ಯಾರಿಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕರ್ಣನಾಗಿ ಕೂತವನು ಎದುರು ಕೂತ ಕೃಷ್ಣನಿಗೆ ಹೇಳಬೇಕು, ಅಷ್ಟೆ. ವೇಷವಿಲ್ಲ, ಕುಣಿತವಿಲ್ಲ, ಇಬ್ಬರೂ ಬಿಳಿ ಪಂಚೆಯುಟ್ಟು ಒಂದೇ ಜಮಖಾನದ ಮೇಲೆ ಕೂತಿದ್ದರೂ ಸಭೆಗೆ ಗೊಂದಲವಾಗುವುದಿಲ್ಲ. ಹೊಸ ಕವಿತೆಗೆ ಅರ್ಥ ಹೇಳಹೊರಟಾಗ ಮೊದಲು ಕೈತಪ್ಪುವುದು ಈ ಅನುಕೂಲವೇ. ಅದರಲ್ಲೂ ಕವಿ ತನ್ನನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದ ಕವಿತೆಯಾದರೆ, ಎರಡೂ ಪಾತ್ರಕ್ಕೆ ಒಬ್ಬನೇ ಅರ್ಥಧಾರಿ. ಯಾವ ಸಾಲು ಯಾರ ಬಾಯಲ್ಲಿ ಬಂತು ಎಂದು ಹುಡುಕುವುದರಲ್ಲೇ ಅರ್ಧ ಕೆಲಸ ಕಳೆಯುತ್ತದೆ.

ನಾನು ಶಿರಸಿ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮಳೆಗಾಲದಲ್ಲಿ ಯಾರದಾದರೂ ಮನೆಯ ಜಗಲಿಯಲ್ಲಿ ತಾಳಮದ್ದಳೆಯಿದ್ದರೆ ಹೋಗಿ ಅರ್ಥ ಹೇಳುವವನು. ಕಾರವಾರದ ಕೆಲವು ಓದುಗ ಗೆಳೆಯರು ಒಂದು ಕವಿತೆ ಕಳಿಸಿ, ‘ನಮ್ಮ ಕೂಟದಲ್ಲಿ ಇದರ ಮೇಲೆ ಒಂದು ಗಂಟೆ ಮಾತಾಡಬೇಕು’ ಎಂದರು. ಬರೆದವರು ಅದೇ ಊರಿನ ಕಡೆಯವರು, ಈಗ ಬೇರೆಲ್ಲೋ ನೌಕರಿಯಲ್ಲಿದ್ದಾರೆ. ಹೆಸರು ಬೇಡವೆಂದು ಅವರೇ ಹೇಳಿದ್ದರಿಂದ ಇಲ್ಲಿ ‘ಕವಿ’ ಎಂದಷ್ಟೇ ಬರೆಯುತ್ತೇನೆ. ಕವಿತೆ ಇದು:

ಬಂದೆ. ಕೋಡಿಬಾಗದಲ್ಲಿ ಇಳಿದೆ.
ಮೀನಿನ ಬುಟ್ಟಿಗೆ ದಾರಿ ಬಿಟ್ಟೆ.
ನಡೆದೇ ಹೋದೆ ಹೊಸ ಸೇತುವೆಯ ಅಂಚಿಗೆ.
ಪಕ್ಕದಲ್ಲಿ ಹಳೆಯದು,
ಅರ್ಧ ಆಡಿ ನಿಲ್ಲಿಸಿದ ಮಾತಿನಂತೆ.

ನಿಂತೆ. ಲೆಕ್ಕ ಹಾಕಿದೆ:
ಈ ಕಂಬದಿಂದ ಆ ಕಂಬಕ್ಕೆ
ಶಾಲೆಯ ಎಷ್ಟು ಮಳೆಗಾಲ,
ಯಾರ ಕೊಡೆಯಲ್ಲಿ ಎಷ್ಟು ದೂರ.

ಹೆದರಿದ್ದೆ ಆಗ. ಹೇಳಿರಲಿಲ್ಲ.

ಈಗ ಹೇಳು.
ಲಾರಿ ಬಂದರೆ ನಡುಗುತ್ತಿತ್ತಲ್ಲ ಕಾಲಡಿ,
ಅದು ಸೇತುವೆಯೋ ನೀನೋ?
ಬೇಗ ಉತ್ತರ ಕೊಡಬೇಡ.
ನಿನ್ನ ಬೇಗದ ಉತ್ತರಗಳ ಮೇಲೆ
ನಾನು ಬಹಳ ದಿನ ನಡೆದಿದ್ದೇನೆ.

ಸದಾಶಿವಗಡದಲ್ಲಿ ದೀಪ ಹತ್ತುತ್ತಿವೆ.
ಬಸ್ಸಿಗೆ ಹೊತ್ತಾಯಿತು, ಹೋಗುತ್ತೇನೆ.
ನೀನು ಇರು.
ಕಾಳಿ ಇಳಿತದಲ್ಲಿದ್ದಾಳೆ,
ಕಂಬದ ಬುಡ ಕಾಣುವ ಹೊತ್ತು.

ಮೊದಲ ಓದಿಗೆ ಹೊಳೆಯುವ ಅರ್ಥವನ್ನು ನಾನು ಒಂದು ಕಾಗದದಲ್ಲಿ ಬರೆದು ಬದಿಗಿಡುತ್ತೇನೆ. ಅದು ತಪ್ಪೆಂದಲ್ಲ. ಅದು ನನ್ನದಲ್ಲ, ಅಷ್ಟೇ. ಮೂವತ್ತು ವರ್ಷ ಮಕ್ಕಳಿಗೆ ‘ಸಾರಾಂಶ ಬರೆಯಿರಿ’ ಎಂದವನ ಕೈ ತಾನಾಗಿಯೇ ಬರೆದದ್ದು. ಈ ಕವಿತೆಗೆ ಆ ಕೈ ಬರೆದದ್ದು ಹೀಗಿತ್ತು: ‘ಸೇತುವೆಯು ಭೂತ ಮತ್ತು ವರ್ತಮಾನಗಳ ಸಂಕೇತ. ಕವಿ ತನ್ನ ಬಾಲ್ಯವನ್ನು ನೆನೆಯುತ್ತಾರೆ.’ ಹತ್ತನೇ ತರಗತಿಯಲ್ಲಿ ಇದಕ್ಕೆ ನಾಲ್ಕಕ್ಕೆ ಮೂರು ಅಂಕ ಕೊಟ್ಟೇನು. ಕೂಟದಲ್ಲಿ ಇದನ್ನು ಹೇಳಿದರೆ ಜನ ಎದ್ದು ಚಹಾಕ್ಕೆ ಹೋಗುತ್ತಾರೆ.

ಈ ಸೇತುವೆಯನ್ನು ಸಂಕೇತ ಮಾಡುವ ಮುಂಚೆ ಅದು ಸಿಮೆಂಟು ಕಬ್ಬಿಣದ ಸೇತುವೆಯಾಗಿಯೇ ಇರಲಿ ಎಂದುಕೊಂಡೆ. ಕಾರವಾರದ ಕೋಡಿಬಾಗದಿಂದ ಆಚೆ ದಡದ ಸದಾಶಿವಗಡಕ್ಕೆ, ಅಲ್ಲಿಂದ ಮುಂದೆ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾಳಿ ನದಿಗೆ ಎರಡು ಸೇತುವೆಗಳಿದ್ದವು. ಹೆದ್ದಾರಿ ಅಗಲವಾದಾಗ ಕಟ್ಟಿದ ಹೊಸದು, ಅದರ ಪಕ್ಕದಲ್ಲೇ ನಾಲ್ಕು ದಶಕ ದಾಟಿದ ಹಳೆಯದು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಹಳೆಯದು ಕುಸಿಯಿತು. ಮೇಲಿದ್ದ ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಬದುಕಿಸಿ ಮೇಲೆ ತಂದರು. ಹಗಲಾಗಿದ್ದರೆ ಏನಾಗುತ್ತಿತ್ತೋ ಎಂದು ಊರೆಲ್ಲ ಮಾತಾಡಿಕೊಂಡಿತು.

ಇಷ್ಟನ್ನು ಕೇಳುಗರಿಗೆ ಹೇಳಬೇಕೋ ಬೇಡವೋ? ಕಾರವಾರದಲ್ಲಿ ಬೇಡ, ಅವರೇ ನನಗೆ ಹೇಳುತ್ತಾರೆ. ಶಿರಸಿಯಲ್ಲಿ ಬೇಕು. ಹಳೇ ಸೇತುವೆ ಬಿದ್ದಿದೆ ಎಂದು ಕವಿತೆ ಬಾಯಿಬಿಟ್ಟು ಎಲ್ಲೂ ಹೇಳುವುದಿಲ್ಲ. ಕುಸಿತ, ಅಪಘಾತ, ಲಾರಿ ಬಿದ್ದದ್ದು ಯಾವುದೂ ಇಲ್ಲ. ಲಾರಿ ಬರುತ್ತದೆ, ಆದರೆ ಬಾಲ್ಯದಲ್ಲಿ. ಎಲ್ಲರಿಗೂ ಗೊತ್ತಿರುವ ಲಾರಿಯನ್ನು ಬಿಟ್ಟು, ಯಾರಿಗೂ ಗೊತ್ತಿಲ್ಲದ ಹಳೆಯ ಲಾರಿಯೊಂದನ್ನು ಕವಿ ತಂದಿದ್ದಾರೆ. ಇದನ್ನು ಕಾಣಿಸಬೇಕಾದರೆ ಕೇಳುಗನಿಗೆ ಮೊದಲ ಲಾರಿ ಗೊತ್ತಿರಬೇಕು. ಹಾಗಾಗಿ ಸೇತುವೆಯ ಸಂಗತಿಯನ್ನು ಕವಿತೆ ಓದುವ ಮೊದಲೇ ಎರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ, ನಡುವೆ ತರುವುದಿಲ್ಲ. ನಡುವೆ ತಂದರೆ ಕವಿತೆ ವರದಿಯ ಅಡಿಟಿಪ್ಪಣಿಯಾಗಿಬಿಡುತ್ತದೆ.

ಇನ್ನೊಂದು ಸೆಳೆತ ಇದಕ್ಕಿಂತ ಬಲವಾದದ್ದು. ಸಣ್ಣ ಊರು, ಕವಿಯ ಮನೆ ಯಾವುದು, ತಂದೆ ಏನು ಮಾಡುತ್ತಿದ್ದರು, ಯಾವ ಶಾಲೆ, ಎಲ್ಲ ಗೊತ್ತಿರುವವರೇ ಎದುರಿಗೆ ಕೂತಿರುತ್ತಾರೆ. ‘ಯಾರ ಕೊಡೆಯಲ್ಲಿ’ ಎಂಬ ಸಾಲು ಓದುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರೆ ಆಶ್ಚರ್ಯವಿಲ್ಲ. ಕವಿ ತನ್ನನ್ನು ಕುರಿತೇ ಬರೆದ ಮೇಲೆ ಕವಿಯ ಬದುಕನ್ನು ಕೆದಕಲು ಅಪ್ಪಣೆ ಸಿಕ್ಕಿದಂತೆ ಎಂದು ಬಹಳ ಜನ ತಿಳಿಯುತ್ತಾರೆ. ನಾನು ತಿಳಿಯುವುದಿಲ್ಲ, ಮತ್ತು ಇದಕ್ಕೆ ಕಾರಣ ಸಭ್ಯತೆಯಲ್ಲ, ಅರ್ಥಗಾರಿಕೆ. ಜಗಲಿಯಲ್ಲಿ ಭೀಷ್ಮನಾಗಿ ಕೂತ ಹೆಗಡೆಯವರು ಸ್ವಗತ ಹೇಳುವಾಗ ‘ಹೆಗಡೇರಿಗೆ ಈಚೆಗೆ ಸೊಂಟನೋವು, ಅದಕ್ಕೇ ಇಷ್ಟು ವೈರಾಗ್ಯ’ ಎಂದು ಯಾರಾದರೂ ಅರ್ಥ ಮಾಡುತ್ತಾರೆಯೇ? ಒಬ್ಬನೇ ಮಾತಾಡಿಕೊಂಡರೂ ಪಾತ್ರ ಪಾತ್ರವೇ. ಸ್ವಗತವೆಂದರೆ ಸಭೆಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ ಒಳಮಾತು. ನಿಜವಾಗಿಯೂ ತನಗೆ ಮಾತ್ರ ಹೇಳಿಕೊಳ್ಳಬೇಕಿದ್ದರೆ ಸಾಲು ಮುರಿದು ಬರೆಯುವ, ಕೋಡಿಬಾಗ ಎಂದು ಹೆಸರು ಹೇಳುವ ಅಗತ್ಯವೇನಿತ್ತು? ನಮಗೆ ನಾವು ಹೇಳಿಕೊಳ್ಳುವಾಗ ಊರಿನ ಹೆಸರು ಹೇಳುವುದಿಲ್ಲ.

ಹಾಗಾದರೆ ಇಲ್ಲಿ ಇರುವವರು ಎಷ್ಟು ಜನ? ಹೇಳುವ ‘ನಾನು’, ಕೇಳುವ ‘ನೀನು’, ಇವರಿಬ್ಬರನ್ನೂ ಬರೆದ ಕವಿ, ಕದ್ದು ಕೇಳುವ ನಾವು. ಕವಿಯನ್ನು ಹೊರಗಿಟ್ಟು ಉಳಿದ ಮೂವರ ನಡುವೆ ಏನು ನಡೆಯುತ್ತದೆ ಎಂದು ನೋಡುವುದು ನನ್ನ ಪದ್ಧತಿ.

ಕನ್ನಡಕ್ಕೆ ಇದು ಹೊಸ ಬಗೆಯೇನಲ್ಲ. ದಾಸರು ‘ಮನವೇ’ ಎಂದು ಕರೆದು ಬುದ್ಧಿ ಹೇಳಿದರು. 1943ರಲ್ಲಿ ಬಂದ ಡಿವಿಜಿಯವರ ಕಗ್ಗದಲ್ಲಿ ಪದ್ಯದ ತುದಿಗೆ ‘ಮಂಕುತಿಮ್ಮ’ ಎಂಬ ಸಂಬೋಧನೆ ಬರುತ್ತದೆ. ಕುವೆಂಪು ‘ಓ ನನ್ನ ಚೇತನ’ ಎಂದು ಕರೆದು ಅನಿಕೇತನವಾಗೆಂದು ಹಾರೈಸಿದರು. ಇವನ್ನು ಪಕ್ಕದಲ್ಲಿಟ್ಟುಕೊಂಡು ನಾನು ನೋಡುವುದು ಒಂದೇ: ಹೇಳುವವನು ಎಷ್ಟು ಎತ್ತರದಲ್ಲಿ ನಿಂತಿದ್ದಾನೆ? ದಾಸರಲ್ಲಿ ಹೇಳುವವನಿಗೆ ತಿಳಿದಿದೆ, ಮನಸ್ಸಿಗೆ ತಿಳಿದಿಲ್ಲ. ಗದರಿಕೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಡಿವಿಜಿ ತನ್ನನ್ನು ಮಂಕನೆಂದು ಕರೆದರೂ ಮಾತಿನಲ್ಲಿ ಮಂಕಿಲ್ಲ. ಕುವೆಂಪು ಅವರಲ್ಲಿ ದಿಕ್ಕು ಮೇಲ್ಮುಖ, ಆದರೂ ದಾರಿ ಗೊತ್ತಿರುವವನ ದನಿಯೇ. ಕಾರವಾರದ ಈ ಕವಿತೆಯಲ್ಲಿ ಹೇಳುವವರಿಗೆ ಏನು ಗೊತ್ತಿದೆ? ಏನೂ ಇಲ್ಲ. ಕೇಳುತ್ತಾರೆ, ‘ಈಗ ಹೇಳು’ ಎಂದು. ಗೊತ್ತಿರುವುದು ಆ ಹಳೆಯ ‘ನೀನು’ವಿಗೆ. ವಯಸ್ಸಾದವರು ಚಿಕ್ಕವರನ್ನು ಕೇಳುವ ಕವಿತೆ ಇದು. ಈಗಿನ ಕವಿತೆಗಳಲ್ಲಿ ತನ್ನೊಡನೆ ಆಡುವ ಮಾತು ಹೀಗೆ ಬುದ್ಧಿಮಾತಿನಿಂದ ವಿಚಾರಣೆಗೆ ತಿರುಗಿದೆ ಎಂದು ನನಗನಿಸುತ್ತದೆ, ಆದರೆ ಆ ಸಿದ್ಧಾಂತಕ್ಕೆ ಈ ಒಂದು ಕವಿತೆ ಸಾಲದು, ಬಿಡಿ.

ಇಷ್ಟಾದ ಮೇಲೆ ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆದೆ. ನನಗೆ ಬಾಗಿಲು ತೆರೆದದ್ದು ಅಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬಂದೆ, ಇಳಿದೆ, ಬಿಟ್ಟೆ, ಹೋದೆ, ನಿಂತೆ, ಹಾಕಿದೆ, ಹೆದರಿದ್ದೆ. ಯಾವುದಕ್ಕೂ ಕರ್ತೃಪದವಿಲ್ಲ. ಓದುವಾಗ ನಾವೇ ‘ನಾನು’ ಸೇರಿಸಿಕೊಂಡು ಓದಿರುತ್ತೇವೆ: ನಾನು ಬಂದೆ, ನಾನು ಇಳಿದೆ. ಆದರೆ ಕನ್ನಡದ ಭೂತಕಾಲದಲ್ಲಿ ‘ನಾನು ಬಂದೆ’ಯೂ ಸರಿ, ‘ನೀನು ಬಂದೆ’ಯೂ ಸರಿ. ಪ್ರತ್ಯಯ ಒಂದೇ. ಧಾರವಾಡದ ಕಡೆ ‘ನೀ ಬಂದಿ’ ಎಂದು ಬೇರೆಯಾಗುತ್ತದೆ. ಪುಸ್ತಕದ ಕನ್ನಡದಲ್ಲಿ ಆಗುವುದಿಲ್ಲ. ವರ್ತಮಾನಕ್ಕೆ ಬಂದರೆ ಮಾತ್ರ ಬರುತ್ತೇನೆ, ಬರುತ್ತೀಯೆ ಎಂದು ಇಬ್ಬರೂ ಎರಡಾಗುತ್ತಾರೆ.

ಹತ್ತನೇ ತರಗತಿಯಲ್ಲಿ ಕುಮಾರವ್ಯಾಸನ ಆ ಭಾಗವನ್ನು ಪಾಠ ಮಾಡಿದವರಿಗೆಲ್ಲ ಕರ್ಣನ ಮಾತು ನೆನಪಿರುತ್ತದೆ: ‘ಕೌರವೇಂದ್ರನ ಕೊಂದೆ ನೀನು’. ಜನ್ಮರಹಸ್ಯ ತಿಳಿಸಿದ ಕೃಷ್ಣನಿಗೆ ಕರ್ಣ ಹೇಳಿದ್ದು. ಅದರಿಂದ ‘ನೀನು’ ತೆಗೆದು ನೋಡಿ. ‘ಕೌರವೇಂದ್ರನ ಕೊಂದೆ.’ ದೂರು ಹೋಗಿ ತಪ್ಪೊಪ್ಪಿಗೆಯಾಯಿತು. ಕೊಂದವನು ಕೃಷ್ಣನಲ್ಲ, ಕರ್ಣನೇ. ಸ್ವಲ್ಪ ಮೊದಲು ಬರುವ ಪದ್ಯದಲ್ಲಿ ಕರ್ಣ ಒಳಗೊಳಗೇ ನೊಂದಾಗ ಕುಮಾರವ್ಯಾಸ ‘ಎಂದನು ತನ್ನ ಮನದೊಳಗೆ’ ಎಂದು ಗುರುತು ಹಾಕಿಬಿಡುತ್ತಾನೆ. ಅಲ್ಲಿ ಹೇಳುವುದಕ್ಕೆ ಒಬ್ಬ ನಿರೂಪಕನಿದ್ದಾನೆ, ಯಾವುದು ಒಳಮಾತು ಯಾವುದು ಹೊರಮಾತು ಎಂದು ತೋರಿಸಿಕೊಡುತ್ತಾನೆ. ಈಗಿನ ಕವಿತೆಯಲ್ಲಿ ಆ ನಿರೂಪಕ ಇಲ್ಲ. ಅವನ ಕೆಲಸವನ್ನು ಕ್ರಿಯಾಪದ ಮಾಡಬೇಕು, ಇಲ್ಲವೇ ಓದುಗ.

ಈಗ ಮತ್ತೆ ಕವಿತೆಯ ಮೊದಲ ಎರಡು ಭಾಗಗಳನ್ನು ‘ನೀನು’ ಸೇರಿಸಿ ಓದಿದೆ. ನೀನು ಬಂದೆ. ಕೋಡಿಬಾಗದಲ್ಲಿ ಇಳಿದೆ. ನಡೆದೇ ಹೋದೆ. ಒಮ್ಮೆಲೇ ಯಾರೋ ಹಿಂದಿನಿಂದ ನೋಡುತ್ತಿರುವಂತಾಯಿತು. ಬಸ್ಸಿಳಿದವರನ್ನು ಹಳೆಯ ‘ನೀನು’ ಸೇತುವೆಯ ಬಳಿ ನಿಂತು ನೋಡಿ ‘ಓ, ಬಂದೆಯಾ’ ಎಂದು ಗುರುತು ಹಿಡಿಯುತ್ತಿರಬಹುದು. ಯಾವ ಓದು ಸರಿ? ಎರಡೂ. ಕವಿ ಬೇಕೆಂದೇ ಕರ್ತೃಪದ ಬಿಟ್ಟಿದ್ದಾರೆ ಎಂದು ನಾನು ಪ್ರಮಾಣ ಮಾಡಲಾರೆ, ಆ ಪ್ರಮಾಣ ಬೇಕಾಗಿಯೂ ಇಲ್ಲ. ಭಾಷೆ ಕೊಟ್ಟದ್ದನ್ನು ಕವಿತೆ ಇಟ್ಟುಕೊಂಡಿದೆ. ಮೊದಲ ಎರಡು ಭಾಗಗಳಲ್ಲಿ ನಾನು-ನೀನು ಇನ್ನೂ ಬೇರೆಯಾಗಿಲ್ಲ.

ಆಮೇಲೆ ಆ ಒಂಟಿ ಸಾಲು: ‘ಹೆದರಿದ್ದೆ ಆಗ. ಹೇಳಿರಲಿಲ್ಲ.’ ‘ಹೆದರಿದ್ದೆ’ಯಲ್ಲಿ ನಾನು, ನೀನು ಇಬ್ಬರಿದ್ದಾರೆ. ‘ಹೇಳಿರಲಿಲ್ಲ’ದಲ್ಲಿ ಯಾರು ಬೇಕಾದರೂ ಇರಬಹುದು. ನಾನು ಹೇಳಿರಲಿಲ್ಲ, ನೀನು ಹೇಳಿರಲಿಲ್ಲ, ಅವರು ಹೇಳಿರಲಿಲ್ಲ; ಇಲ್ಲವೆನ್ನುವಾಗ ಕನ್ನಡ ಯಾರೆಂದು ಕೇಳುವುದೇ ಇಲ್ಲ. ಮಗು ಹೆದರಿಕೆಯನ್ನು ಮನೆಯಲ್ಲಿ ಹೇಳಿರಲಿಲ್ಲ ಎಂಬುದು ಒಂದು ಓದು. ಸೇತುವೆ ನಂಬುವಂತಿಲ್ಲವೆಂದು ದೊಡ್ಡವರು ಯಾರೂ ಹೇಳಿರಲಿಲ್ಲ ಎಂಬುದು ಇನ್ನೊಂದು. ಸೇತುವೆಯೇ ಹೇಳಿರಲಿಲ್ಲ ಎಂದರೂ ನಡೆಯುತ್ತದೆ. ಸಾಲು ಇಷ್ಟು ಸಣ್ಣದು, ಅದರೊಳಗೆ ಒಂದು ಊರು ಕೂತಿದೆ.

ತಕ್ಷಣ ‘ಈಗ ಹೇಳು.’ ವಿಧಿರೂಪ ಬಂದದ್ದೇ ತಡ ಇಬ್ಬರೂ ಎದುರುಬದುರಾದರು. ತನಗೆ ತಾನೇ ಹೇಳಿಕೊಳ್ಳುವ ಯಾವ ಕವಿತೆ ಸಿಕ್ಕಿದರೂ ನಾನು ಮೊದಲು ಹುಡುಕುವುದು ಈ ಜಾಗವನ್ನೇ: ಒಬ್ಬರು ಇಬ್ಬರಾದದ್ದು ಎಲ್ಲಿ, ಮತ್ತು ಆ ಹೊತ್ತಿಗೆ ಏನು ನಡೆಯುತ್ತಿತ್ತು. ಕೆಲವು ಕವಿತೆಗಳಲ್ಲಿ ಅದು ಮೊದಲ ಪದದಲ್ಲೇ ಆಗಿಹೋಗಿರುತ್ತದೆ, ಅಂಥವು ಸಾಮಾನ್ಯವಾಗಿ ಉಪದೇಶದ ಕಡೆ ಜಾರುತ್ತವೆ. ಇಲ್ಲಿ ಕವಿತೆ ಅರ್ಧ ಕಳೆದ ಮೇಲೆ, ಹೆದರಿಕೆಯ ನೆನಪು ಬಂದಾಗ ಆಯಿತು. ಅಂದರೆ ಬೇರೆಮಾಡಿದ್ದು ಹೆದರಿಕೆ.

ಇನ್ನು ಕವಿತೆಯ ನಡುಗಂಬ ಎನ್ನಬಹುದಾದ ಪ್ರಶ್ನೆ. ಲಾರಿ ಬಂದಾಗ ಕಾಲಡಿ ನಡುಗುತ್ತಿತ್ತು. ನಡುಗಿದ್ದು ಸೇತುವೆಯೋ ನೀನೋ? ಉದ್ದ ಸೇತುವೆಯ ಮೇಲೆ ನಡೆದವರಿಗೆಲ್ಲ ಇದು ಗೊತ್ತು. ಭಾರದ ಗಾಡಿ ಹೋದಾಗ ಎರಡು ಕಂಬಗಳ ನಡುವಿನ ತೊಲೆ ಸ್ವಲ್ಪ ಬಾಗಿ ಮೇಲೇಳುತ್ತದೆ, ಜೋಡಣೆಯ ಸಂದಿನಲ್ಲಿ ಚಕ್ರ ಬಿದ್ದು ಸದ್ದಾಗುತ್ತದೆ. ಗಟ್ಟಿ ಸೇತುವೆಯೂ ಅಷ್ಟು ಅಲ್ಲಾಡುತ್ತದೆ. ಮಗುವಿಗೆ ಇದೆಲ್ಲ ತಿಳಿಯದು. ಅದು ತನಗೆ ತಾನೇ ಒಂದು ಉತ್ತರ ಕೊಟ್ಟುಕೊಂಡಿರಬೇಕು, ಬೇಗ: ‘ಸೇತುವೆಗೆ ಏನಾಗಿಲ್ಲ, ನಾನೇ ಪುಕ್ಕಲು.’ ಉಳಿದ ಮಕ್ಕಳು ಆರಾಮಾಗಿ ನಡೆಯುತ್ತಿರುವಾಗ ಬೇರೇನು ಹೇಳಿಕೊಳ್ಳಲು ಸಾಧ್ಯ? ಕವಿತೆಯಲ್ಲಿ ಆ ಉತ್ತರ ಇಲ್ಲ, ನಾನು ಊಹಿಸಿದ್ದು. ಆದರೆ ಮುಂದಿನ ಎರಡು ಸಾಲು ಆ ಊಹೆಗೆ ನೆಲ ಕೊಡುತ್ತವೆ. ‘ನಿನ್ನ ಬೇಗದ ಉತ್ತರಗಳ ಮೇಲೆ ನಾನು ಬಹಳ ದಿನ ನಡೆದಿದ್ದೇನೆ.’ ತಪ್ಪು ತನ್ನಲ್ಲೇ ಇದೆ ಎಂಬ ಆ ಉತ್ತರವನ್ನು ಹಾಸಿಕೊಂಡು ಅದರ ಮೇಲೆ ಒಂದು ಬದುಕು ನಡೆದಿದೆ. ಈಗ ಸೇತುವೆ ಬಿದ್ದಿದೆ. ಅಂದ ಮೇಲೆ ಅಂದು ನಡುಗಿದ್ದು ಯಾರು?

ಇಲ್ಲಿ ಒಂದು ಎಚ್ಚರ ಬೇಕು. ‘ಮಗುವಿನ ಭಯವೇ ಸರಿಯಾಗಿತ್ತು, ಸೇತುವೆ ಬಿದ್ದದ್ದೇ ಸಾಕ್ಷಿ’ ಎಂದು ಹೇಳಿಬಿಡಲು ಬಾಯಿ ತುರಿಸುತ್ತದೆ. ಅದೂ ಬೇಗದ ಉತ್ತರವೇ. ಎಷ್ಟೋ ವರ್ಷದ ಹಿಂದೆ ಅಲ್ಲಾಡಿದ ಸೇತುವೆ ಅಂದೇ ಕೆಟ್ಟಿತ್ತೆಂದು ಯಾರು ಹೇಳಿದರು? ‘ಬೇಗ ಉತ್ತರ ಕೊಡಬೇಡ’ ಎಂಬ ಸಾಲು ಮಗುವಿಗೆ ಎಷ್ಟೋ, ವೇದಿಕೆಯ ಮೇಲೆ ಅರ್ಥ ಹೇಳಲು ಕೂತವನಿಗೂ ಅಷ್ಟೇ. ನಾನು ಇದನ್ನು ಸಭೆಯಲ್ಲಿ ಹೇಳಿದಾಗ ಜನ ನಕ್ಕರು; ನಾನು ತಮಾಷೆಗೆ ಹೇಳಿರಲಿಲ್ಲ.

ಕೊಡೆಯ ಸಾಲಿಗೆ ನಾನು ಹೆಚ್ಚು ಹೊತ್ತು ಕೊಡಲಿಲ್ಲ. ಜೂನ್ ಜುಲೈ ತಿಂಗಳಲ್ಲಿ ಕಾಳಿಯ ಮೇಲೆ ಸಮುದ್ರದ ಗಾಳಿ ಹೊಡೆಯುವಾಗ ಕೊಡೆ ನೆಟ್ಟಗೆ ನಿಲ್ಲುವುದಿಲ್ಲ, ಒಂದರಲ್ಲಿ ಇಬ್ಬರು ಹೋದರೆ ಇಬ್ಬರೂ ಒದ್ದೆ. ದೂರವನ್ನು ಮೀಟರಿನಲ್ಲಿ ಅಳೆಯದೆ ಯಾರ ಆಸರೆಯಲ್ಲಿ ನಡೆದದ್ದು ಎಂಬುದರಿಂದ ಅಳೆದಿದ್ದಾರೆ, ಚಂದವಿದೆ, ಅಷ್ಟು ಸಾಕು. ಕೊಡೆ ಯಾರದೆಂದು ಕೇಳಿದವರಿಗೆ ‘ಕವಿತೆಯೇ ಯಾರ ಎಂದು ಕೇಳುತ್ತಿದೆ, ಅದಕ್ಕೂ ಗೊತ್ತಿಲ್ಲ’ ಎಂದೆ.

ನನಗೆ ಹಿಡಿಸದ ಸಾಲೂ ಒಂದಿದೆ: ‘ಅರ್ಧ ಆಡಿ ನಿಲ್ಲಿಸಿದ ಮಾತಿನಂತೆ’. ಇಡೀ ಕವಿತೆಯಲ್ಲಿ ಇದೊಂದೇ ಉಪಮೆ, ಇದೊಂದೇ ಬೇಡವಾದದ್ದು. ಮುಂದೆ ಬರುವ ‘ಹೇಳಿರಲಿಲ್ಲ’, ‘ಈಗ ಹೇಳು’ಗಳನ್ನು ಇದು ಮೊದಲೇ ಬಿಟ್ಟುಕೊಡುತ್ತದೆ. ‘ಪಕ್ಕದಲ್ಲಿ ಹಳೆಯದು’ ಎಂದು ನಿಲ್ಲಿಸಿದ್ದರೆ ಎಷ್ಟು ಬಲವಿತ್ತು! ತೀರಿಕೊಂಡವರ ಪಕ್ಕದ ಕುರ್ಚಿ ತೋರಿಸಿ ಸುಮ್ಮನಾದ ಹಾಗೆ. ಕವಿಯ ಎದುರೇ ಇದನ್ನು ಹೇಳಿದೆ. ಅರ್ಥ ಹೇಳುವುದೆಂದರೆ ಬರೆದದ್ದನ್ನೆಲ್ಲ ಸಮರ್ಥಿಸುವುದು ಎಂದು ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ, ಕವಿಗೋಷ್ಠಿಗಳಲ್ಲಿ ವಿಶೇಷವಾಗಿ. ತಾಳಮದ್ದಳೆಯಲ್ಲಾದರೆ ಎದುರು ಕೂತವನು ಬಿಡುವುದಿಲ್ಲ. ಸಡಿಲು ಮಾತು ಆಡಿದರೆ ಅಲ್ಲೇ ಹಿಡಿದು ಕೇಳುತ್ತಾನೆ. ಕವಿ ತಲೆಯಾಡಿಸಿದರು. ಒಪ್ಪಿದರೋ ಸುಮ್ಮನೆ ಆಡಿಸಿದರೋ ಗೊತ್ತಾಗಲಿಲ್ಲ. ಸಾಲು ಈಗಲೂ ಹಾಗೇ ಇದೆ.

ಕೊನೆಯ ಭಾಗ ನನ್ನನ್ನು ಬಹಳ ಕಾಡಿತು. ‘ಹೋಗುತ್ತೇನೆ. ನೀನು ಇರು.’ ಮೊದಲು ಕರ್ತೃಪದವಿಲ್ಲದೆ ಬೆರೆತಿದ್ದವರು ಇಲ್ಲಿ ಪೂರ್ತಿ ಎರಡು ದಾರಿಯಾಗುತ್ತಾರೆ. ನಮ್ಮ ಕಡೆ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರ್ತೆ’ ಎನ್ನುತ್ತೇವೆ; ಹೋಗುತ್ತೇನೆ ಎಂದರೆ ಅಪಶಕುನ. ಕವಿ ಬೇಕೆಂದೇ ಹೋಗುತ್ತೇನೆ ಎಂದಿದ್ದಾರೆ. ಹಾಗಾದರೆ ಹಳೆಯ ಮಗುವನ್ನು ಮುರಿದ ಸೇತುವೆಯ ಬಳಿ ಸಂಜೆಗತ್ತಲಲ್ಲಿ ಬಿಟ್ಟು ಬಸ್ಸು ಹತ್ತಿದರೇ? ಮೊದಲ ಕೆಲವು ಓದುಗಳಲ್ಲಿ ನನಗೆ ಅದು ಕ್ರೂರವಾಗಿಯೇ ಕಂಡಿತು.

ಬಿಡಿಸಿದ್ದು ಕವಿತೆಯ ಒಳಗಿನದೇ ಒಂದು ಸಂಗತಿ, ಆದರೆ ಘಟ್ಟದ ಮೇಲಿನವನಾದ ನನಗೆ ಅದು ತಾನಾಗಿ ಹೊಳೆಯುವಂಥದ್ದಲ್ಲ. ಕಾಳಿ ಅಲ್ಲಿ ಸಮುದ್ರ ಸೇರುವ ನದಿ. ಭರತಿ ಇಳಿತಗಳಿಗೆ ಒಳಪಟ್ಟದ್ದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಇಳಿದಾಗ ಚಿಪ್ಪಿಕಲ್ಲು ಆರಿಸುವವರು ನದಿಗೆ ಇಳಿಯುತ್ತಾರೆ, ಕಂಬಗಳ ಬುಡದ ಕರಿಪಟ್ಟೆ, ಅಂಟಿದ ಚಿಪ್ಪುಗಳು ಕಾಣುತ್ತವೆ. ಆರು ತಾಸಿನ ಆಚೆ ಮತ್ತೆ ಮುಚ್ಚುತ್ತದೆ. ಕರಾವಳಿಯವರಿಗೆ ‘ಇಳಿತದ ಹೊತ್ತು’ ಎಂದರೆ ಕೆಲಸದ ಹೊತ್ತು, ನೀರು ಬರುವುದರೊಳಗೆ ಮುಗಿಸಬೇಕಾದದ್ದು. ಈ ಅರ್ಥದಲ್ಲಿ ‘ನೀನು ಇರು’ ಎಂದರೆ ಬಿಟ್ಟುಹೋಗುವುದಲ್ಲ, ಕೆಲಸ ಒಪ್ಪಿಸುವುದು. ಬುಡ ಕಾಣುತ್ತಿದೆ, ನೋಡಿಕೋ, ಬೇಗ ಉತ್ತರ ಕೊಡಬೇಡ ಎಂದೆನಲ್ಲ, ಈಗ ನೋಡಿ ಕೊಡು. ನೋಡಬೇಕಾದವರು ಅಂದು ನಡೆದವರೇ, ಬಸ್ಸಿನಲ್ಲಿ ಬಂದವರಲ್ಲ.

ಕೂಟದಲ್ಲಿ ಇಷ್ಟನ್ನು ಹೇಳುವ ಮೊದಲು ಕವಿತೆಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಮೊದಲ ಸಲ ನೆನಪಿಸಿಕೊಳ್ಳುವವರ ದನಿಯಲ್ಲಿ. ಎರಡನೇ ಸಲ, ‘ಹೆದರಿದ್ದೆ’ವರೆಗೆ ಪ್ರತಿ ಕ್ರಿಯಾಪದವನ್ನು ಎದುರಿನವರಿಗೆ ಹೇಳುವಂತೆ ಬೆರಳು ತೋರಿಸಿ. ವ್ಯಾಕರಣದ ವಿವರಣೆ ಆಮೇಲೆ ಕೊಟ್ಟೆ, ಆ ಹೊತ್ತಿಗೆ ಅದು ಅರ್ಧ ಬೇಡವಾಗಿತ್ತು. ಹೊಸ ಕವಿತೆಗೆ ಅರ್ಥ ಹೇಳುವವರು ಓದುವುದನ್ನೇ ಕಡೆಗಣಿಸುತ್ತಾರೆ. ಎರಡು ಸಾಲು ಓದಿ ಹತ್ತು ನಿಮಿಷ ಮಾತು. ನನ್ನ ಒಂದು ಗಂಟೆಯಲ್ಲಿ ಕಾಲು ಭಾಗ ಬರೀ ಓದು. ಇನ್ನೊಂದು ನಿಯಮವನ್ನೂ ಹಾಕಿಕೊಂಡಿದ್ದೆ. ಕಾರವಾರದಲ್ಲಿ ಕವಿತೆಯ ಮಾತೆದ್ದರೆ 1880ರ ದಶಕದಲ್ಲಿ ಅಣ್ಣನ ಜೊತೆ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ಬಂದೇ ಬರುತ್ತಾರೆ. ನಾನು ತರುವುದಿಲ್ಲ ಎಂದುಕೊಂಡಿದ್ದೆ. ಅಧ್ಯಕ್ಷರು ತಂದರು.

ಚರ್ಚೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಇಳಿತದ ಅರ್ಥವನ್ನು ಒಪ್ಪಲಿಲ್ಲ. ‘ಕೆಲಸ ಒಪ್ಪಿಸುವುದು ಅಂತೀರಲ್ಲ ಸರ್, ಮಗುವಿಗೆ ಮತ್ತೊಂದು ಕೆಲಸ ಯಾಕೆ? ಹೆದರಿದ್ದೂ ಅದೇ, ಉತ್ತರ ಕೊಟ್ಟದ್ದೂ ಅದೇ, ಈಗ ಕಾಯಬೇಕಾದ್ದೂ ಅದೇ. ದೊಡ್ಡವರು ಬಸ್ಸು ಹತ್ತುತ್ತಾರೆ’ ಎಂದಳು. ಅವಳ ಪ್ರಕಾರ ಬಸ್ಸಿನ ನೆಪ ತಪ್ಪಿಸಿಕೊಳ್ಳುವ ನೆಪ, ಮತ್ತು ಕವಿತೆಗೆ ಅದು ಗೊತ್ತಿದೆ. ನಾನು ನನ್ನ ಅರ್ಥವನ್ನು ಬಿಡಲಿಲ್ಲ. ಆದರೆ ‘ಹೊತ್ತಾಯಿತು’ ಎಂಬುದನ್ನು ಆಕೆ ಹಿಡಿದ ರೀತಿ ಸರಿಯಾಗಿತ್ತು. ಪ್ರಶ್ನೆ ಕೇಳಿದವರೇ ಉತ್ತರಕ್ಕೆ ನಿಲ್ಲದೆ ಹೊರಡುತ್ತಿದ್ದಾರೆ, ಇದನ್ನು ನನ್ನ ಓದು ಎಲ್ಲೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅದಕ್ಕಿಂತ ಹೆಚ್ಚಿನದು ಕೊನೆಯ ಸಾಲಿನಲ್ಲಿ ಕೂತಿದ್ದ, ಬಸ್ಸಿನ ಚಾಲಕರಾಗಿ ನಿವೃತ್ತರಾದ ಹಿರಿಯರಿಂದ ಬಂತು. ಅವರು ಕೇಳಿದ್ದು ಬಹಳ ಸರಳ: ‘ಇವರು ಕೋಡಿಬಾಗದಲ್ಲಿ ಇಳಿದರು. ಸೇತುವೆಯ ಅಂಚಿನವರೆಗೆ ಹೋದರು. ದೀಪ ಹತ್ತಿದ್ದು ಸದಾಶಿವಗಡದಲ್ಲಿ, ಅಂದರೆ ಆಚೆ ದಡದಲ್ಲಿ. ಹಾಗಾದರೆ ದಾಟಲೇ ಇಲ್ಲವಲ್ಲ?’

ನಾನು ಆ ‘ಅಂಚು’ ಎಂದರೆ ಸೇತುವೆಯ ಪಕ್ಕದ ಕಟಾಂಜನ ಎಂದುಕೊಂಡು, ಹೇಳುವವರನ್ನು ನದಿಯ ನಟ್ಟನಡುವೆ ನಿಲ್ಲಿಸಿ ಅರ್ಥ ಹೇಳಿದ್ದೆ. ಅವರು ಓದಿದಂತೆ ಅದು ಸೇತುವೆ ಶುರುವಾಗುವ ಜಾಗ. ಗಟ್ಟಿಯಾದ ಹೊಸ ಸೇತುವೆ ಎದುರಿಗಿದೆ, ಎಲ್ಲ ಬಸ್ಸು ಲಾರಿಗಳೂ ಅದರ ಮೇಲೇ ಹೋಗುತ್ತಿವೆ, ಆದರೂ ಇವರು ಕಾಲಿಟ್ಟಿಲ್ಲ. ಕಂಬಗಳನ್ನು ದಡದಲ್ಲಿ ನಿಂತೇ ಎಣಿಸಿ ಹಿಂದಿರುಗಿದ್ದಾರೆ. ಹೆದರಿಕೆ ‘ಆಗ’ ಎಂಬ ಪದದೊಳಗೆ ಮುಗಿದಿದೆ ಎಂದು ನಾನು ತಿಳಿದಿದ್ದೆ. ಈ ಲೆಕ್ಕದಲ್ಲಿ ಅದು ಸಂಜೆಯ ಬಸ್ಸಿನವರೆಗೂ ಬಂದಿದೆ. ಕವಿಯ ಕಡೆ ತಿರುಗಿ ನೋಡಿದೆ. ಅವರು ಆ ಹಿರಿಯರನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಇದೇ ಕವಿತೆಯನ್ನು ಶಿರಸಿಯಲ್ಲಿ ಓದುವುದಿದೆ. ಅಲ್ಲಿ ಕೋಡಿಬಾಗ ಯಾವ ದಡ, ಸದಾಶಿವಗಡ ಯಾವ ದಡ ಎಂದು ಮೊದಲೇ ಹೇಳಬೇಕಾಗುತ್ತದೆ. ಎರಡು ವಾಕ್ಯದ ನನ್ನ ಪೀಠಿಕೆ ಮೂರಾಗುತ್ತದೆ.